ಟಾರ್ಗೆಟ್ ಎಲಿವೇಷನ್ ಯಾಕೆ ಅಷ್ಟು ಮುಖ್ಯ? ನನ್ನ ಬಾಂಬ್ ಪ್ರತಿ ಸಲ ಈಚೆಗೇ ಬೀಳುತ್ತಿದೆ

ಗುಂಪಾ ಹುಡುಗ, ಬೀದರ್
ಶನಿವಾರ ರಾತ್ರಿ 10:42

ಶರಣು ಎಲ್ಲರಿಗೂ. ಒಂದು ವಾರದಿಂದ ತಲೆ ಕೆಟ್ಟಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಬೀದರ್‌ನಲ್ಲಿ ಬೆಳೆದವನಿಗೆ ವಿಮಾನದ ಹುಚ್ಚು ಹಿಡಿಯದೆ ಇರೋದು ಕಷ್ಟ. ವಾಯುಪಡೆಯ ಆಕಾಶ ಕಸರತ್ತಿನ ಸೂರ್ಯಕಿರಣ್ ತಂಡ 1996ರಲ್ಲಿ ಶುರುವಾಗಿದ್ದೇ ಇಲ್ಲಿ. 2008ರಲ್ಲಿ ಹಾಕ್ ತರಬೇತಿ ಜೆಟ್‌ಗಳು ಬಂದವು. ಈಗ ನಮ್ಮ ಮನೆ ಕಿಟಕಿಯ ಗಾಜಿಗೂ ಆ ಸದ್ದು ಬಾಯಿಪಾಠ. ನಾನು ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಆಡುತ್ತೇನೆ. ಅಮ್ಮ ಅದನ್ನು ಗೇಮ್ ಅನ್ನುತ್ತಾಳೆ, ನಾನು ಅಭ್ಯಾಸ ಅನ್ನುತ್ತೇನೆ.

ಈಗ ಆಡುತ್ತಿರುವುದು ಕ್ಲೋಸ್ ಏರ್ ಸಪೋರ್ಟ್. ನೆಲದ ಮೇಲೆ ನಮ್ಮವರು ಶತ್ರುವಿಗೆ ತೀರಾ ಹತ್ತಿರ ಇರುತ್ತಾರೆ, ಮೇಲಿಂದ ನಾವು ಸಹಾಯಕ್ಕೆ ಹೋಗಬೇಕು. ಕೆಳಗಿರುವ ಕಂಟ್ರೋಲರ್ ರೇಡಿಯೋದಲ್ಲಿ ಒಂಬತ್ತು ಸಾಲಿನ ಮಾಹಿತಿ ಓದುತ್ತಾನೆ. ಅದರಲ್ಲಿ ನಾಲ್ಕನೇ ಸಾಲು ಟಾರ್ಗೆಟ್ ಎಲಿವೇಷನ್, ಅಂದರೆ ಟಾರ್ಗೆಟ್ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅನ್ನೋದು. ಆರನೇ ಸಾಲು ಟಾರ್ಗೆಟ್ ಇರುವ ಜಾಗ. ನಾನು ಆರನೇ ಸಾಲನ್ನು ಕೊನೆಯ ಅಂಕಿಯವರೆಗೂ ಸರಿಯಾಗಿ ಟೈಪ್ ಮಾಡುತ್ತೇನೆ. ನಾಲ್ಕನೇದನ್ನು ಬಿಡುತ್ತೇನೆ, ಅಲ್ಲಿ ಸೊನ್ನೆ ಇರುತ್ತೆ. ಜಾಗ ಗೊತ್ತಾದ ಮೇಲೆ ಎತ್ತರ ಯಾಕೆ ಬೇಕು ಅಂತ.

ಬಾಂಬ್ ಪ್ರತಿ ಸಲ ಸುಮಾರು 300 ಮೀಟರ್ ಈಚೆಗೆ ಬೀಳುತ್ತಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಾನು ಬಂದ ದಿಕ್ಕಿಗೆ ಈಚೆಗೆ. ನಿನ್ನೆ ನಮ್ಮವರ ಮೇಲೇ ಬಿತ್ತು. ಮಿಷನ್ ಫೇಲ್. ಟಾರ್ಗೆಟ್ ಒಂದು ಗುಡ್ಡದ ಮೇಲಿದೆ, ನಕ್ಷೆಯಲ್ಲಿ 650 ಮೀಟರ್ ಅಂತ ಬರೆದಿದೆ.


ಫಿಜಿಕ್ಸ್ ಅಕ್ಕ, ಹುಮನಾಬಾದ್
ಶನಿವಾರ ರಾತ್ರಿ 11:15

ತಮ್ಮಾ, ತೋಟದ ತೆರೆದ ಬಾವಿ ನೋಡಿದ್ದೀಯಲ್ಲ? ಅದರ ದಂಡೆ ಮೇಲೆ ಕೂತು ಓರೆಯಾಗಿ ಒಂದು ಕಲ್ಲು ಒಗೆ. ಶ್ರಾವಣದಲ್ಲಿ ನೀರು ಮೇಲಿರುತ್ತೆ, ಕಲ್ಲು ನಿನ್ನ ಕಾಲ ಹತ್ತಿರವೇ ಬುಳುಕ್ ಅನ್ನುತ್ತೆ. ಮೇ ತಿಂಗಳಲ್ಲಿ ನೀರು ತಳ ಸೇರಿರುತ್ತೆ. ಅದೇ ಜಾಗ, ಅದೇ ಕೈ, ಅದೇ ಕಲ್ಲು. ಈಗ ಅದು ಆಚೆ ಗೋಡೆಗೆ ಹೋಗಿ ಬಡಿಯುತ್ತೆ. ಕಲ್ಲು ಹೋದ ದಾರಿ ಒಂದೇ. ನೀರು ಎಲ್ಲಿ ಅಡ್ಡ ಬಂತು ಅನ್ನೋದಷ್ಟೇ ಬೇರೆ.

ನಿನ್ನ ಕಥೆಯೂ ಇದೇ. ಎಲಿವೇಷನ್ ಸೊನ್ನೆ ಅಂತ ಬಿಟ್ಟಾಗ ಕಂಪ್ಯೂಟರ್ ಏನು ತಿಳಿಯಿತು? ಟಾರ್ಗೆಟ್ ಸಮುದ್ರ ಮಟ್ಟದಲ್ಲಿದೆ, ಅಂದರೆ ಗುಡ್ಡದ ಹೊಟ್ಟೆಯೊಳಗೆ 650 ಮೀಟರ್ ಕೆಳಗೆ. ಬಾಂಬನ್ನು ಓರೆಯಾಗಿ ಆ ಬಿಂದುವಿಗೆ ಕಳಿಸಿತು. ದಾರಿಯಲ್ಲಿ ನಿಜವಾದ ನೆಲ ಅಡ್ಡ ಬಂತು. 300 ಮೀಟರ್ ಈಚೆ ಬಿದ್ದಿದೆ ಅಂದರೆ ನಿನ್ನ ಬಾಂಬ್ ಸುಮಾರು 65 ಡಿಗ್ರಿ ಕೋನದಲ್ಲಿ ಇಳಿಯುತ್ತಿದೆ. ಲೆಕ್ಕ ಮಾಡಿ ನೋಡು, ಎಸ್ಸೆಸ್ಸೆಲ್ಸಿಯ ಟ್ಯಾನ್ ಥೀಟಾ ಅಷ್ಟೇ.

ಕೋನ ಕಡಿಮೆ ಆದಷ್ಟೂ ತಪ್ಪು ಹಿಗ್ಗುತ್ತೆ. ಎತ್ತರದಲ್ಲಿ 30 ಮೀಟರ್ ತಪ್ಪಿದೆ ಅಂದುಕೋ. 60 ಡಿಗ್ರಿಯಲ್ಲಿ ಇಳಿದರೆ ನೆಲದ ಮೇಲೆ 17 ಮೀಟರ್ ತಪ್ಪುತ್ತೆ. 45 ಡಿಗ್ರಿಗೆ 30ಕ್ಕೆ 30. ಅದೇ 30 ಡಿಗ್ರಿಯಲ್ಲಿ ಬಂದರೆ 52 ಮೀಟರ್. ನೆಟ್ಟಗೆ ಮೇಲಿಂದ ಬಿದ್ದರೆ ಮಾತ್ರ ಎತ್ತರದ ತಪ್ಪು ಲೆಕ್ಕಕ್ಕೆ ಬರುವುದಿಲ್ಲ. ನೆಟ್ಟಗೆ ಯಾರು ಬೀಳಿಸುತ್ತಾರೆ?


ಸುಮ್ನೆ ಓದುವವ, ಕಲಬುರಗಿ
ಶನಿವಾರ ರಾತ್ರಿ 11:31

ಈಗಿನ ಕಾಲದಲ್ಲಿ ಇದೆಲ್ಲ ಯಾಕ್ರಿ? ಜಿಪಿಎಸ್ ಬಾಂಬ್ ಬಂದಿವೆ. ಲ್ಯಾಟಿಟ್ಯೂಡ್ ಲಾಂಗಿಟ್ಯೂಡ್ ಕೊಟ್ಟರೆ ಸಾಕಲ್ವಾ?


ಫಿಜಿಕ್ಸ್ ಅಕ್ಕ, ಹುಮನಾಬಾದ್
ಶನಿವಾರ ರಾತ್ರಿ 11:38

ಜಿಪಿಎಸ್ ಬಾಂಬ್‌ಗೇ ಇದು ಜಾಸ್ತಿ ಬೇಕು. ಅದಕ್ಕೆ ಕಣ್ಣಿಲ್ಲ. ಗಾಳಿಯಲ್ಲಿ ಒಂದು ಬಿಂದು ಕೊಟ್ಟಿರುತ್ತಾರೆ, ಅಲ್ಲಿಗೆ ಹೋಗುತ್ತೆ. ಬಿಂದು ಅಂದ ಮೇಲೆ ಮೂರು ಅಂಕಿ ಬೇಕು. ಎರಡೇ ಕೊಟ್ಟರೆ ಅದು ಬಿಂದು ಅಲ್ಲ, ಪಾತಾಳದಿಂದ ಆಕಾಶದವರೆಗೆ ನಿಂತ ಒಂದು ಕಂಬ. ಕಂಬದ ಯಾವ ಗಂಟಿಗೆ ಹೋಗಬೇಕು ಅಂತ ಬಾಂಬ್‌ಗೆ ಯಾರು ಹೇಳಬೇಕು?

ಲೇಸರ್ ಬಾಂಬ್ ಬೇರೆ. ಅದು ಟಾರ್ಗೆಟ್ ಮೇಲೆ ಬಿಟ್ಟ ಲೇಸರ್ ಚುಕ್ಕೆಯನ್ನು ನೋಡಿಕೊಂಡು ಹೋಗುತ್ತೆ, ಹಾಗಾಗಿ ಕೊನೆಯ ಕ್ಷಣದಲ್ಲಿ ಎತ್ತರದ ತಪ್ಪನ್ನು ತಾನೇ ತಿದ್ದಿಕೊಳ್ಳುತ್ತೆ. ಆದರೂ ಎಲ್ಲಿ ಬಿಡಬೇಕು ಅನ್ನುವ ಲೆಕ್ಕಕ್ಕೆ ಎತ್ತರ ಬೇಕೇ ಬೇಕು. ಪೈಲಟ್ ತನ್ನ ಕ್ಯಾಮೆರಾವನ್ನು ಆ ಜಾಗಕ್ಕೆ ತಿರುಗಿಸುವಾಗಲೂ ಅಷ್ಟೇ. ಎತ್ತರ ತಪ್ಪಿದರೆ ಪಕ್ಕದ ಇನ್ನೊಂದು ಮನೆ ಕಾಣುತ್ತೆ.


ಹಳೇ ತೋಪಚಿ, ಭಾಲ್ಕಿ
ಭಾನುವಾರ ಬೆಳಗ್ಗೆ 6:05

ನಾನು ತೋಪಖಾನೆಯಲ್ಲಿ 17 ವರ್ಷ ಇದ್ದವನು. ಕಾರ್ಗಿಲ್ ಯುದ್ಧದಲ್ಲಿ ನಾನಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಕಡೆ ಪೋಸ್ಟಿಂಗ್ ಆಗಿತ್ತು. ದ್ರಾಸ್ ರಸ್ತೆಯಲ್ಲಿ ನಿಂತು ಮೇಲೆ ನೋಡಿದರೆ ಟೋಪಿ ಕೆಳಗೆ ಬೀಳುತ್ತೆ. ಎಲಿವೇಷನ್ ಅಂದರೇನು ಅಂತ ಅಲ್ಲಿ ಯಾರೂ ಪಾಠ ಮಾಡಬೇಕಿಲ್ಲ.

ಆ ಶಿಖರಗಳ ಹೆಸರು ನೋಡಿ. ಪಾಯಿಂಟ್ 4875, ಪಾಯಿಂಟ್ 5140. ಅದು ಸೀರಿಯಲ್ ನಂಬರ್ ಅಲ್ಲ, ನಕ್ಷೆಯಲ್ಲಿ ಬರೆದ ಎತ್ತರ, ಮೀಟರ್‌ನಲ್ಲಿ. ಟೈಗರ್ ಹಿಲ್ 5062. ತೋಲೋಲಿಂಗ್ 4590. ನಮ್ಮ ಸೇನೆಯ ನಕ್ಷೆ ಮೀಟರ್ ಮಾತಾಡುತ್ತೆ. ವಿಮಾನದವರ ಎತ್ತರ ತೋರಿಸುವ ಗಡಿಯಾರ ಅಡಿ ಮಾತಾಡುತ್ತೆ. 4875 ಮೀಟರ್ ಅಂದರೆ ಸುಮಾರು 16,000 ಅಡಿ. ಗಡಿಬಿಡಿಯಲ್ಲಿ ಒಬ್ಬ 4875 ಅಂದ, ಇನ್ನೊಬ್ಬ ಅದನ್ನು ಅಡಿ ಅಂತ ಬರೆದುಕೊಂಡ ಅಂದರೆ ಕಥೆ ಮುಗಿಯಿತು. ಅದಕ್ಕೇ ಒಂಬತ್ತು ಸಾಲಿನ ಪದ್ಧತಿಯಲ್ಲಿ ಎಲಿವೇಷನ್ ಮತ್ತು ಜಾಗ, ಈ ಎರಡು ಸಾಲನ್ನು ಪೈಲಟ್ ತಿರುಗಿ ಓದಿ ಹೇಳಲೇಬೇಕು. ಕೆಳಗಿನವನು ಕೇಳಿ ಸರಿ ಅನ್ನಬೇಕು.

1999ರ ಮೇ 26ಕ್ಕೆ ವಾಯುಪಡೆ ಆಪರೇಷನ್ ಸಫೇದ್ ಸಾಗರ್ ಶುರು ಮಾಡಿತು. ಮೊದಲ ಮೂರು ದಿನದಲ್ಲೇ ಪೆಟ್ಟು ಬಿತ್ತು. 27ಕ್ಕೆ ಒಂದು ಮಿಗ್-27 ಇಂಜಿನ್ ಆರಿ ಹೋಯಿತು, ಒಂದು ಮಿಗ್-21 ಕ್ಷಿಪಣಿಗೆ ಬಿತ್ತು. 28ಕ್ಕೆ ಒಂದು ಎಂಐ-17 ಹೆಲಿಕಾಪ್ಟರ್ ನಾಲ್ಕು ಜನರ ಸಮೇತ ಹೋಯಿತು. ಇದರಲ್ಲಿ ಎತ್ತರದ ಪಾತ್ರ ಹೇಳುತ್ತೇನೆ ಕೇಳಿ. ಹೆಗಲ ಮೇಲಿಟ್ಟು ಹೊಡೆಯುವ ಸ್ಟಿಂಗರ್‌ನಂಥ ಕ್ಷಿಪಣಿ ಸುಮಾರು 10,000 ಅಡಿ ಮೇಲಕ್ಕೆ ಏರುತ್ತೆ. ಬೀದರ್ ಮೈದಾನದಿಂದ ಹೊಡೆದರೆ 12,000 ಅಡಿಯಲ್ಲಿ ಮುಗಿಯಿತು. 16,000 ಅಡಿ ಶಿಖರದ ಮೇಲೆ ಕೂತು ಹೊಡೆದರೆ? 26,000 ಅಡಿ. ಶತ್ರು ಕೂತ ಕಲ್ಲಿನ ಎತ್ತರ ಅವನ ಕ್ಷಿಪಣಿಗೆ ಪುಕ್ಕಟೆ ಸಿಕ್ಕ ಏಣಿ. ಅದಾದ ಮೇಲೆ ವಿಮಾನಗಳು ಇನ್ನೂ ಮೇಲಕ್ಕೆ ಹೋಗಿ ಹೊಡೆಯಬೇಕಾಯಿತು, ಹೆಲಿಕಾಪ್ಟರ್‌ಗಳನ್ನು ದಾಳಿ ಕೆಲಸದಿಂದ ತೆಗೆದರು.

ಮೇಲಕ್ಕೆ ಹೋದರೆ ಇನ್ನೊಂದು ಕಾಟ. ಗಾಳಿ ತೆಳು. ಬಾಂಬ್ ಮತ್ತು ಗುಂಡು ಎಷ್ಟು ದೂರ ಹೋಗುತ್ತೆ ಅನ್ನುವ ಲೆಕ್ಕದ ಟೇಬಲ್‌ಗಳು ಆ ಎತ್ತರದ ಟಾರ್ಗೆಟ್‌ಗೆ ಅಂತ ಬರೆದವೇ ಅಲ್ಲ. ನಮ್ಮ ಬೋಫೋರ್ಸ್ ಗುಂಡು ಕೂಡ ಅಲ್ಲಿ ಟೇಬಲ್‌ಗಿಂತ ದೂರ ಹೋಗುತ್ತಿತ್ತು ಅಂತ ನಮ್ಮ ಹಿರಿಯರು ಹೇಳುತ್ತಿದ್ದರು. ನಮಗೆ ತೋಪಿನವರಿಗೆ ಒಂದು ಅನುಕೂಲ, ಮೊದಲ ಗುಂಡು ಎಲ್ಲಿ ಬಿತ್ತು ಅಂತ ನೋಡಿ ಎರಡನೇದು ತಿದ್ದಬಹುದು. ಪೈಲಟ್‌ಗೆ ಆ ಪುರುಸೊತ್ತು ಎಲ್ಲಿದೆ?

ಕತ್ತಿಯ ಅಲಗಿನಂಥ ಶಿಖರ ಇದ್ದರೆ ತಪ್ಪಿನ ಅರ್ಥವೇ ಬದಲಾಗುತ್ತೆ. ಬಯಲಲ್ಲಿ 20 ಮೀಟರ್ ಆಚೆ ಬಿದ್ದರೂ ಶತ್ರುವಿನ ಕಿವಿ ಹರಿಯುತ್ತೆ. ಅಲ್ಲಿ 20 ಮೀಟರ್ ಆಚೆ ಅಂದರೆ ಬಾಂಬ್ ಶಿಖರ ದಾಟಿ ಆ ಕಡೆ ನಾಲೆಗೆ ಬೀಳುತ್ತೆ. ಶತ್ರು ಚಹಾ ಕುಡಿಯುತ್ತಾ ಕೂತಿರುತ್ತಾನೆ. ಜೂನ್ 24ಕ್ಕೆ ಮಿರಾಜ್ ವಿಮಾನಗಳು ಟೈಗರ್ ಹಿಲ್ ಮೇಲೆ ಲೇಸರ್ ಬಾಂಬ್ ಹಾಕಿದ್ದು ಯಾಕೆ ಅಷ್ಟು ದೊಡ್ಡ ಸುದ್ದಿ ಆಯಿತು ಅಂತ ಈಗ ಗೊತ್ತಾಯಿತಲ್ಲ. ಅಕ್ಕಾವ್ರು ಹೇಳಿದಂತೆ, ಅದು ಚುಕ್ಕೆ ನೋಡಿಕೊಂಡು ಹೋಗುತ್ತೆ.


ತೊಗರಿ ಡ್ರೋನ್, ಚಿತ್ತಾಪುರ
ಭಾನುವಾರ ಬೆಳಗ್ಗೆ 8:20

ತೋಪಚಿ ಕಾಕಾ, ನಿಮ್ಮ ಮಾತು ಓದಿ ಮೈ ಜುಂ ಅಂತು. ನನ್ನದು ಸಣ್ಣ ಕಥೆ. ಯುದ್ಧ ಇಲ್ಲ, ತೊಗರಿ ಇದೆ.

ನಾನು ಬಾಡಿಗೆಗೆ ಡ್ರೋನ್‌ನಿಂದ ಔಷಧಿ ಹೊಡೆಯುತ್ತೇನೆ. ಹೋದ ವರ್ಷ ಹೂವು ಕಟ್ಟುವ ಹೊತ್ತಿಗೆ ಒಬ್ಬರ ಹೊಲಕ್ಕೆ ಹೋದೆ. ನೀರು ಹತ್ತಿರ ಅಂತ ನಾಲೆ ಪಕ್ಕದಲ್ಲೇ ಡ್ರೋನ್ ಇಟ್ಟೆ. 10 ಲೀಟರ್ ಟ್ಯಾಂಕ್ ತುಂಬಿ, ಎತ್ತರ 4 ಮೀಟರ್ ಅಂತ ಹಾಕಿ ಬಿಟ್ಟೆ. ತೊಗರಿ ಎದೆ ಮಟ್ಟ. 4 ಮೀಟರ್ ಅಂದರೆ ಆರಾಮ ಅಂದುಕೊಂಡೆ. ಆದರೆ ಹೊಲ ಏರು. ಕಣ್ಣಿಗೆ ಗೊತ್ತೇ ಆಗದ ಏರು, ಒಡ್ಡು ದಾಟಿದರೆ ಇನ್ನೂ ಏರು. ಡ್ರೋನ್‌ಗೆ 4 ಮೀಟರ್ ಅಂದರೆ ಅದು ಎದ್ದ ಜಾಗದಿಂದ 4 ಮೀಟರ್. ತನ್ನ ಕಾಲ ಕೆಳಗಿನ ನೆಲದಿಂದ ಅಲ್ಲ. ಅದು ಮಟ್ಟವಾಗಿಯೇ ಹೋಯಿತು, ನೆಲ ಮೇಲೆ ಬಂತು. ಮೂರನೇ ಒಡ್ಡಿನ ಹತ್ತಿರ ತೊಗರಿ ತಲೆಗಳು ರೆಕ್ಕೆಗೆ ಸಿಕ್ಕು ಪರ ಪರ ಅಂತ ಸದ್ದು ಬಂತು. ನಾನು ಓಡಿ ಹೋಗುವಷ್ಟರಲ್ಲಿ ಡ್ರೋನ್ ಮಗುಚಿ ಬಿದ್ದು ಔಷಧಿ ಎಲ್ಲ ಒಂದೇ ಗಿಡದ ಬುಡಕ್ಕೆ.

ನೆಲ ನೋಡಿಕೊಂಡು ಏರಿಳಿಯುವ ರೇಡಾರ್ ಅದರಲ್ಲಿ ಇತ್ತು. ಔಷಧಿ ಹನಿ ಮೆತ್ತಿಕೊಂಡು ಅದರ ಮುಖ ಮುಚ್ಚಿತ್ತು. ದಿನಾ ಒರೆಸಬೇಕು ಅಂತ ಮಾರಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಎರಡು ರೆಕ್ಕೆ, ಒಂದು ಮೋಟರ್, ರೈತನ ಬೈಗುಳ, ಎಲ್ಲ ನನ್ನ ಲೆಕ್ಕಕ್ಕೆ ಬಂತು.


ಅಡ್ಮಿನ್
ಭಾನುವಾರ ಬೆಳಗ್ಗೆ 8:47

ಚರ್ಚೆ ಚೆನ್ನಾಗಿದೆ, ಒಂದು ಮಾತು ಮಾತ್ರ. ಬೀದರ್ ಏರ್‌ಬೇಸ್ ಒಳಗಿನ ವಿಷಯ, ಫೋಟೋ, ಯಾವ ವಿಮಾನ ಎಷ್ಟು ಹೊತ್ತಿಗೆ ಹಾರುತ್ತೆ, ಇವನ್ನು ಇಲ್ಲಿ ಹಾಕಬೇಡಿ. ಡ್ರೋನ್ ಇಟ್ಟುಕೊಂಡವರು ಬೇಸ್ ಸುತ್ತ ಅನುಮತಿ ಇಲ್ಲದೆ ಡ್ರೋನ್ ಹಾರಿಸಬಾರದ ರೆಡ್ ಝೋನ್ ಇದೆ ಅನ್ನೋದು ನೆನಪಿಡಿ.


ಟಾರ್ಮ್ಯಾಕ್ ಕಾಕಾ, ಬೀದರ್
ಭಾನುವಾರ ಬೆಳಗ್ಗೆ 10:10

ಅಡ್ಮಿನ್ ಹೇಳಿದ್ದು ಸರಿ. ನಾನು ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿ ನಿವೃತ್ತನಾದವನು. ಬೇಸ್ ಬಗ್ಗೆ ಏನೂ ಹೇಳುವುದಿಲ್ಲ. ಆಲ್ಟಿಮೀಟರ್ ಬಗ್ಗೆ ಹೇಳುತ್ತೇನೆ, ಅದು ನನ್ನ ಮಗ ಇದ್ದಂತೆ.

ಎಲ್ಲರೂ ಬಾಂಬ್ ಎಲ್ಲಿ ಬಿತ್ತು ಅಂತ ಮಾತಾಡುತ್ತಿದ್ದೀರಿ. ವಿಮಾನ ಎಲ್ಲಿ ಬೀಳುತ್ತೆ ಅಂತ ಯಾರೂ ಕೇಳುತ್ತಿಲ್ಲ.

ಆಲ್ಟಿಮೀಟರ್ ಎತ್ತರ ಅಳೆಯುವುದಿಲ್ಲ. ಅದು ಗಾಳಿಯ ಒತ್ತಡ ಅಳೆದು ಎತ್ತರ ಅಂತ ನಮಗೆ ತೋರಿಸುತ್ತೆ. ಮುಖದ ಮೇಲೆ ಒಂದು ಸಣ್ಣ ಕಿಟಕಿ, ಪಕ್ಕದಲ್ಲಿ ಒಂದು ನಾಬ್. ನಾಬ್ ತಿರುಗಿಸಿ ಕಿಟಕಿಯಲ್ಲಿ ಇವತ್ತಿನ ಒತ್ತಡ ಕೂರಿಸಬೇಕು. ನಿಮ್ಮ ಫೋನಿನಲ್ಲಿ ಬ್ಯಾರೋಮೀಟರ್ ಇದ್ದರೆ ಈಗಲೇ ನೋಡಿ. ಬೀದರ್‌ನಲ್ಲಿ 935, 940 ಹೆಕ್ಟೊಪಾಸ್ಕಲ್ ಸುತ್ತ ತೋರಿಸುತ್ತೆ, ಅದು ಒತ್ತಡದ ಅಳತೆ. ಹವಾಮಾನ ವರದಿ 1010 ಅನ್ನುತ್ತೆ. ಫೋನ್ ಕೆಟ್ಟಿಲ್ಲ. ಅವರು ಸಮುದ್ರ ಮಟ್ಟಕ್ಕೆ ಇಳಿಸಿ ಹೇಳುತ್ತಾರೆ. ನಾವು ಎರಡು ಸಾವಿರ ಅಡಿ ಮೇಲೆ ಕೂತಿದ್ದೇವೆ. ಸಮುದ್ರ ಮಟ್ಟದ ಒತ್ತಡ ಕೂರಿಸಿದರೆ ಬೀದರ್ ರನ್‌ವೇ ಮೇಲೆ ನಿಂತ ವಿಮಾನದ ಮುಳ್ಳು ಸೊನ್ನೆ ತೋರಿಸುವುದಿಲ್ಲ, 2,100 ಅಡಿಗೂ ಮೇಲೆ ತೋರಿಸುತ್ತೆ. ಒಂದು ಹೆಕ್ಟೊಪಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ತಪ್ಪು. 10 ತಪ್ಪಿದರೆ 300 ಅಡಿ.

ಈಗ ದಾಳಿಗೆ ಬನ್ನಿ. ಪೈಲಟ್ ಮೂಗು ಕೆಳಗೆ ಮಾಡಿ ಡೈವ್ ಮಾಡುತ್ತಾನೆ. ಮುಳ್ಳು 8,000 ತೋರಿಸಿದಾಗ ಎಳೆದು ಮೇಲೇಳಬೇಕು ಅಂತ ಮನಸ್ಸಿನಲ್ಲಿದೆ. ಆ 8,000 ಸಮುದ್ರದಿಂದ. ಟಾರ್ಗೆಟ್ 6,000 ಅಡಿ ಗುಡ್ಡದ ಮೇಲಿದ್ದರೆ ಅವನ ಕೈಯಲ್ಲಿ ಇರುವುದು 2,000 ಅಡಿ ಮಾತ್ರ. ಜೆಟ್‌ಗೆ 2,000 ಅಡಿ ಅಂದರೆ ಕಣ್ಣು ಮಿಟುಕಿಸುವ ಹೊತ್ತು. ಸ್ಟಿಕ್ ಎಳೆದ ತಕ್ಷಣ ಮೇಲೇಳಲು ಅದು ಆಟೋ ಅಲ್ಲ, ಮೂಗು ಎದ್ದ ಮೇಲೂ ವಿಮಾನ ಕೆಳಗೇ ಜಾರುತ್ತಿರುತ್ತೆ. ಕೆಳಗೆ ತನ್ನದೇ ಬಾಂಬ್ ಸಿಡಿದು ಚೂರುಗಳು ಮೇಲೆ ಬರುತ್ತಿರುತ್ತವೆ. ಅದಕ್ಕೂ ಅಂತರ ಬೇಕು. ಬಿಡುವ ಎತ್ತರ, ಎಳೆಯುವ ಎತ್ತರ, ಇದಕ್ಕಿಂತ ಕೆಳಗೆ ಬರಬಾರದು ಅನ್ನುವ ಎತ್ತರ, ಎಲ್ಲವೂ ಟಾರ್ಗೆಟ್ ಎಲಿವೇಷನ್‌ಗೆ ಕೂಡಿಸಿ ಬರುವ ಅಂಕಿಗಳು. ಬುನಾದಿ ತಪ್ಪಿದರೆ ಮೇಲಿನ ಮಹಡಿ ಎಲ್ಲ ತಪ್ಪು.

ರೇಡಾರ್ ಆಲ್ಟಿಮೀಟರ್ ಇದೆಯಲ್ಲ ಅಂತ ಯಾರಾದರೂ ಕೇಳುವ ಮೊದಲೇ ಹೇಳುತ್ತೇನೆ. ಅದು ಹೊಟ್ಟೆಯ ಕೆಳಗಿನ ನೆಲ ನೋಡುತ್ತೆ. ಎದುರಿನ ಗುಡ್ಡ ನೋಡುವುದಿಲ್ಲ. ಕಣಿವೆ ಮೇಲೆ ಹಾರುವಾಗ ಖುಷಿಯಾಗಿ ದೊಡ್ಡ ಅಂಕಿ ತೋರಿಸುತ್ತಾ ಹೋಗುತ್ತೆ.

ತೋಪಚಿಯವರು ತೆಳು ಗಾಳಿ ಅಂದರಲ್ಲ, ಅದಕ್ಕೆ ನನ್ನದೊಂದು ಸೇರಿಸುತ್ತೇನೆ. 5,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ 60 ಪರ್ಸೆಂಟ್. ವೇಗ ತೋರಿಸುವ ಮುಳ್ಳಿನಲ್ಲಿ ಅದೇ ವೇಗ ಕಂಡರೂ ವಿಮಾನ ನಿಜವಾಗಿ ಸುಮಾರು 30 ಪರ್ಸೆಂಟ್ ಜೋರಾಗಿ ಓಡುತ್ತಿರುತ್ತೆ. ತಿರುವಿನ ಸುತ್ತು ವೇಗದ ವರ್ಗಕ್ಕೆ ಬೆಳೆಯುತ್ತೆ. ಕೆಳಗೆ ಒಂದು ಕಿಲೋಮೀಟರ್‌ನಲ್ಲಿ ತಿರುಗುವ ವಿಮಾನಕ್ಕೆ ಅಲ್ಲಿ ಒಂದೂವರೆಗೂ ಜಾಸ್ತಿ ಬೇಕು. ಕಣಿವೆ ಮಾತ್ರ ಅಷ್ಟೇ ಅಗಲ ಇರುತ್ತೆ.


ಚೈನ್ ಸರ್ವೇಯರ್, ಯಾದಗಿರಿ
ಭಾನುವಾರ ಮಧ್ಯಾಹ್ನ 1:30

ಊಟ ಮಾಡಿ ಬಂದೆ. ಎಲ್ಲರೂ ಎತ್ತರ ಎತ್ತರ ಅನ್ನುತ್ತಿದ್ದೀರಿ. ಎಲ್ಲಿಂದ ಎತ್ತರ? ನಾನು ಜೀವನವಿಡೀ ಕೇಳಿದ ಪ್ರಶ್ನೆ ಇದು.

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡ್ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತೆ. ಅದನ್ನು ಯಾರೂ ಓದುವುದಿಲ್ಲ, ಊರ ಹೆಸರು ಓದಿ ಇಳಿಯುತ್ತಾರೆ. ಅದು ಸಮುದ್ರ ಮಟ್ಟದಿಂದ ಲೆವೆಲಿಂಗ್ ಮಾಡಿ ತಂದ ಅಂಕಿ. ಕಲಬುರಗಿ ಸುಮಾರು 450 ಮೀಟರ್, ಬೀದರ್ ಅದಕ್ಕಿಂತ 200 ಮೀಟರ್‌ಗೂ ಮೇಲೆ.

ಆದರೆ ಜಿಪಿಎಸ್ ಸಮುದ್ರ ನೋಡಿಲ್ಲ. ಅದು ಭೂಮಿಯನ್ನು ನಯವಾದ ಮೊಟ್ಟೆಯಂಥ ಒಂದು ಆಕಾರ ಅಂತ ತಿಳಿದು, ಆ ಆಕಾರದ ಮೇಲಿನಿಂದ ಎತ್ತರ ಅಳೆಯುತ್ತೆ. ನಿಜವಾದ ಸಮುದ್ರ ಮಟ್ಟ ಹಾಗೆ ನಯವಾಗಿಲ್ಲ, ಗುರುತ್ವ ಎಲ್ಲ ಕಡೆ ಒಂದೇ ಇಲ್ಲದ್ದರಿಂದ ಏರುಪೇರು ಇದೆ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ ಅದು ಆ ನಯವಾದ ಆಕಾರಕ್ಕಿಂತ ಸುಮಾರು 106 ಮೀಟರ್ ತಗ್ಗಿನಲ್ಲಿದೆ. ಜಗತ್ತಿನಲ್ಲೇ ದೊಡ್ಡ ತಗ್ಗು ಅದು. ಅದರ ಸೆರಗು ನಮ್ಮವರೆಗೂ ಬಂದಿದೆ. ನಮ್ಮ ಕಡೆ ಈ ಎರಡು ಎತ್ತರಗಳ ನಡುವೆ 70 ಮೀಟರ್‌ಗೂ ಜಾಸ್ತಿ ವ್ಯತ್ಯಾಸ. ಒಂದು ಸಲ ಹೊಸ ಹುಡುಗರು ಜಿಪಿಎಸ್ ಹಿಡಿದು ಕಾಲುವೆ ಕೆಲಸಕ್ಕೆ ಬಂದಿದ್ದರು. ಎತ್ತರ ಗುರುತು ಮಾಡಿಟ್ಟ ನಮ್ಮ ಹಳೆಯ ಬೆಂಚ್‌ಮಾರ್ಕ್ ಕಲ್ಲು ತಪ್ಪು ಅಂತ ವಾದ ಮಾಡಿದರು. ಕಲ್ಲು ಸರಿ ಇತ್ತು. ಅವರ ಮಿಷನ್ನೂ ಸರಿ ಇತ್ತು. ಇಬ್ಬರೂ ಬೇರೆ ಬೇರೆ ಸೊನ್ನೆಯಿಂದ ಎಣಿಸುತ್ತಿದ್ದರು ಅಷ್ಟೇ.

ಇದನ್ನು ನಿಮ್ಮ ಬಾಂಬ್‌ಗೆ ಹಾಕಿ. ಕೆಳಗಿನವನು ಜಿಪಿಎಸ್‌ನ ಕಚ್ಚಾ ಎತ್ತರ ಓದಿದ, ಮೇಲಿನವನು ಅದನ್ನು ಸಮುದ್ರ ಮಟ್ಟ ಅಂದುಕೊಂಡ. ಅಂಕಿ 70 ಮೀಟರ್ ಕಡಿಮೆ. 45 ಡಿಗ್ರಿಯಲ್ಲಿ ಬಂದರೆ 70 ಮೀಟರ್ ಈಚೆ ಬೀಳುತ್ತೆ. ಕ್ಲೋಸ್ ಏರ್ ಸಪೋರ್ಟ್ ಅಂದರೆ ಆ ಈಚೆಯಲ್ಲೇ ನಮ್ಮವರು ಕೂತಿರಬಹುದು. ಯಾರೂ ತಪ್ಪು ಮಾಡಿಲ್ಲ, ಎಲ್ಲರ ಅಂಕಿಯೂ ಸರಿ.

ನಕ್ಷೆಯಿಂದ ಓದುವುದಾದರೂ ಜೋಪಾನ. ಸರ್ವೇ ಆಫ್ ಇಂಡಿಯಾದ 1:50,000 ಶೀಟಿನಲ್ಲಿ ನಮ್ಮಂಥ ಬಯಲಲ್ಲಿ ಸಾಮಾನ್ಯವಾಗಿ 20 ಮೀಟರ್‌ಗೊಂದು ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ. ಎರಡು ಗೆರೆಗಳ ನಡುವೆ ಇರುವುದನ್ನು ಅಂದಾಜು ಮಾಡಬೇಕು. ಕಡಿದಾದ ಇಳಿಜಾರಿನಲ್ಲಿ ಬೆರಳು ಒಂದು ಮಿಲಿಮೀಟರ್ ಸರಿದರೆ ನೆಲದ ಮೇಲೆ 50 ಮೀಟರ್ ಸರಿಯಿತು, 45 ಡಿಗ್ರಿ ಇಳಿಜಾರಿದ್ದರೆ ಎತ್ತರವೂ 50 ಮೀಟರ್ ಬದಲಾಯಿತು. ಅಲ್ಲಿ ಜಾಗ ಮತ್ತು ಎತ್ತರ ಬೇರೆ ಬೇರೆ ಅಲ್ಲವೇ ಅಲ್ಲ.

ಬೀದರ್‌ನವರಿಗೆ ಇದು ಹೊಸದಾಗಬಾರದು. ನೌಬಾದ್‌ನ ಸುರಂಗ ಬಾವಿ ಕಟ್ಟಿದವರ ಹತ್ತಿರ ಯಾವ ಜಿಪಿಎಸ್ ಇತ್ತು? ಜಂಬಿಟ್ಟಿಗೆ ಕಲ್ಲಿನೊಳಗೆ ಕಿಲೋಮೀಟರ್‌ಗಟ್ಟಲೆ ನೀರು ತಾನಾಗಿ ಹರಿಯುವಷ್ಟೇ ಇಳಿಜಾರು ಹಿಡಿದು ಕೊರೆದಿದ್ದಾರೆ. ಲ್ಯಾಂಬ್ಟನ್ ಸಾಹೇಬ ಇಡೀ ದೇಶ ಅಳೆಯಲು ಹೊರಟಾಗ 1815ರಲ್ಲಿ ಬೀದರ್ ಹತ್ತಿರವೇ ಒಂದು ಬೇಸ್‌ಲೈನ್, ಅಂದರೆ ಸರ್ವೇಗೆ ಆಧಾರವಾಗುವ ನೇರ ಗೆರೆ, ಅಳೆದ.


ಸುಮ್ನೆ ಓದುವವ, ಕಲಬುರಗಿ
ಭಾನುವಾರ ಮಧ್ಯಾಹ್ನ 2:05

ಸೋತೆ ಸೋತೆ. ಫೋನ್ ಆ್ಯಪ್ ತೆಗೆದು ನೋಡಿದೆ, ಕಲಬುರಗಿ ನಮ್ಮ ಮನೆ 380 ಮೀಟರ್ ಅನ್ನುತ್ತಿದೆ. ನಾನು ಆ್ಯಪ್ ಕೆಟ್ಟಿದೆ ಅಂತ ಬೈದುಕೊಳ್ಳುತ್ತಿದ್ದೆ.


ಚೈನ್ ಸರ್ವೇಯರ್, ಯಾದಗಿರಿ
ಭಾನುವಾರ ಮಧ್ಯಾಹ್ನ 2:11

ಬೈಯಬೇಡಿ ಸರ್. ಅದಕ್ಕೆ 70 ಚಿಲ್ಲರೆ ಕೂಡಿಸಿ ನೋಡಿ. ಕೆಲವು ಆ್ಯಪ್ ತಾವೇ ಕೂಡಿಸಿ ತೋರಿಸುತ್ತವೆ, ಕೆಲವು ಇಲ್ಲ. ಯಾವುದು ಯಾವುದು ಅಂತ ಪರದೆ ಮೇಲೆ ಬರೆಯುವುದಿಲ್ಲ, ಅದೇ ತೊಂದರೆ.


ಗುಂಪಾ ಹುಡುಗ, ಬೀದರ್
ಭಾನುವಾರ ರಾತ್ರಿ 9:50

ಎಲ್ಲರಿಗೂ ಥ್ಯಾಂಕ್ಸ್. ನಾಲ್ಕನೇ ಸಾಲಿನಲ್ಲಿ 650 ಹಾಕಿದೆ. ಈಗ 300ರ ಬದಲು 200 ಮೀಟರ್ ಈಚೆ ಬೀಳುತ್ತಿದೆ. ಸುಧಾರಿಸಿದೆ, ಆದರೆ ಇನ್ನೂ ಈಚೆಗೇ. ಅಕ್ಕಾ, ಟ್ಯಾನ್ ಥೀಟಾ ಕೈಕೊಟ್ಟಿತಾ?


ಹಳೇ ತೋಪಚಿ, ಭಾಲ್ಕಿ
ಭಾನುವಾರ ರಾತ್ರಿ 9:58

ಮಗಾ, ಬೆಳಗ್ಗೆಯಿಂದ ಕೂಗುತ್ತಿದ್ದೇನೆ. ಆ ಡಬ್ಬಿ ಪಕ್ಕದಲ್ಲಿ ಅಡಿ ಅಂತ ಇದೆಯಾ, ಮೀಟರ್ ಅಂತ ಇದೆಯಾ, ನೋಡಿ ಹೇಳು.


ಗುಂಪಾ ಹುಡುಗ, ಬೀದರ್
ಭಾನುವಾರ ರಾತ್ರಿ 10:02

ಅಡಿ.


ಫಿಜಿಕ್ಸ್ ಅಕ್ಕ, ಹುಮನಾಬಾದ್
ಭಾನುವಾರ ರಾತ್ರಿ 10:04

650 ಅಡಿ ಅಂದರೆ 198 ಮೀಟರ್. ಇನ್ನೂ 452 ಮೀಟರ್ ಬಾಕಿ ಇದೆ. 65 ಡಿಗ್ರಿಗೆ ಲೆಕ್ಕ ಹಾಕಿದರೆ 210 ಮೀಟರ್ ಈಚೆ. ಟ್ಯಾನ್ ಥೀಟಾ ಯಾವತ್ತೂ ಕೈಕೊಡಲ್ಲ ತಮ್ಮಾ. 2,133 ಹಾಕು.


ಗುಂಪಾ ಹುಡುಗ, ಬೀದರ್
ಭಾನುವಾರ ರಾತ್ರಿ 10:37

2,133 ಹಾಕಿದೆ. ಬಾಂಬ್ ನೆಟ್ಟಗೆ ಟ್ರಕ್ ಮೇಲೆ. ಖುಷಿಯಲ್ಲಿ ಅದನ್ನೇ ನೋಡುತ್ತಾ ಕೂತು ಸ್ಟಿಕ್ ಎಳೆಯುವುದು ಮರೆತೆ, ನಾನೂ ಗುಡ್ಡಕ್ಕೆ ಹೋಗಿ ಬಡಿದೆ. ಟಾರ್ಮ್ಯಾಕ್ ಕಾಕಾ, ಬೈಯಬೇಡಿ.